ಪಾಸ್ಟರ್ ಮಾತು, ಆರ್ಗನಿಸ್ಟ್ ಬೆರಳು: ಝೂಮ್ ಎಚ್1ಎನ್ ರೆಕಾರ್ಡರ್ ಎರಡನ್ನೂ ಹಿಡಿಯುತ್ತದೆಯೇ?

ಒಂದು ಕ್ರೈಸ್ತ ಸಭೆಯ ಪಾಸ್ಟರ್ ಮತ್ತು ಅಲ್ಲಿ ಆರ್ಗನ್ ನುಡಿಸುವ ಆರ್ಗನಿಸ್ಟ್, ಇಬ್ಬರ ಬದುಕನ್ನೂ ನಂಬಿಕೆಯ ದಾರಿಯನ್ನೂ ಅವರ ಬಾಯಿಂದಲೇ ಕೇಳಿ ದಾಖಲಿಸಿಡಬೇಕು ಎಂದು ಹೊರಟವರು ಮೊದಲು ಕೇಳುವುದು ಯಾವ ರೆಕಾರ್ಡರ್ ಕೊಳ್ಳಬೇಕು ಅಂತ. ಝೂಮ್ ಎಚ್1ಎನ್ ಹೆಸರು ಆ ಮಾತಿನಲ್ಲಿ ಬೇಗ ಬರುತ್ತದೆ. ಅದರ ಬಗ್ಗೆ ವಿಮರ್ಶೆಗಳಿಗೆ ಕೊರತೆಯಿಲ್ಲ. ಆದರೆ ಅವೆಲ್ಲ ಗಿಟಾರ್ ನುಡಿಸುವವರನ್ನೋ ವಿಡಿಯೋ ಮಾಡುವವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಇಲ್ಲಿನ ಕೆಲಸ ಬೇರೆ. ಒಬ್ಬರದು ಗಂಟೆಗಟ್ಟಲೆ ಮಾತು, ಇನ್ನೊಬ್ಬರದು ಮಾತಿನ ಜೊತೆಗೆ ಇಡೀ ಕಟ್ಟಡವನ್ನೇ ನಡುಗಿಸುವ ವಾದ್ಯ. ತೀರ್ಪು ಮೊದಲೇ ಹೇಳಿಬಿಡಬಹುದು: ಮಾತಿಗೆ ಈ ಯಂತ್ರ ಧಾರಾಳವಾಗಿ ಸಾಕು, ಆರ್ಗನ್ನಿಗೆ ತಕ್ಕಮಟ್ಟಿಗೆ ಸಾಕು. ಕೆಲಸ ಕೆಟ್ಟರೆ ಹತ್ತರಲ್ಲಿ ಒಂಬತ್ತು ಪಾಲು ಅದು ಇಟ್ಟ ಜಾಗದಿಂದ, ಇಲ್ಲವೇ ಕೇಳಿದ ಪ್ರಶ್ನೆಯಿಂದ.

2018ರಲ್ಲಿ ಬಂದ ಈ ರೆಕಾರ್ಡರ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮೈಯೆಲ್ಲ ಪ್ಲಾಸ್ಟಿಕ್. ತುದಿಯಲ್ಲಿ 90 ಡಿಗ್ರಿ ಕೋನದಲ್ಲಿ ಒಂದಕ್ಕೊಂದು ಅಡ್ಡವಾಗಿ ಕೂತ ಎರಡು ಮೈಕ್‌ಗಳಿವೆ, ಎಕ್ಸ್-ವೈ ಜೋಡಣೆ ಅನ್ನುವುದು ಇದಕ್ಕೇ. ಶಬ್ದವನ್ನು ಕುಗ್ಗಿಸದೆ ಇಡುವ ವೇವ್ ಫೈಲನ್ನು 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಬರೆಯುತ್ತದೆ, ಕುಗ್ಗಿಸಿಡುವ ಎಂಪಿ3 ಕೂಡ. ಎರಡು ಟ್ರಿಪಲ್-ಎ ಸೆಲ್‌ಗೆ ಸುಮಾರು 10 ಗಂಟೆ ಎಂಬುದು ಕಂಪನಿಯ ಲೆಕ್ಕ. ಹೊಸ ಸೆಲ್, ಹಗುರ ಫಾರ್ಮ್ಯಾಟ್ ಇಟ್ಟುಕೊಂಡು ಹಾಕಿದ ಲೆಕ್ಕ ಅದು. ರೀಚಾರ್ಜ್ ಸೆಲ್ ಹಾಕುವವರು ಮೆನುವಿನಲ್ಲಿ ಸೆಲ್‌ನ ಬಗೆಯನ್ನು ಬದಲಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಗುರುತು ಸುಳ್ಳು ಹೇಳುತ್ತದೆ. 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್ ಹಿಡಿಯುತ್ತದೆ, ಆ ಕಾರ್ಡ್ ಬೇರೆ ಕೊಳ್ಳಬೇಕು. ಮೈಕ್ ಮೇಲೆ ಹಾಕುವ ಸ್ಪಾಂಜ್ ಟೋಪಿಯೂ ಬೇರೆಯೇ. ಅದಿಲ್ಲದೆ ಕೂರಬೇಡಿ. ಪ, ಬ, ಭ ಅಕ್ಷರಗಳ ಗಾಳಿ ಮೈಕಿಗೆ ಬಡಿದಾಗಲೆಲ್ಲ ಧಬ್ ಎನ್ನುತ್ತದೆ. ಪ್ರಭು, ಪ್ರಾರ್ಥನೆ, ಪಾಪ, ಭಕ್ತಿ, ಬಲಿ: ಪಾಸ್ಟರ್ ಮಾತಿನಲ್ಲಿ ಈ ಅಕ್ಷರಗಳಿಗೇನು ಬರವೇ!

ಫಾರ್ಮ್ಯಾಟ್ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಾತಿಗೂ ಸಂಗೀತಕ್ಕೂ 24 ಬಿಟ್, 48 ಕಿಲೋಹರ್ಟ್ಸ್ ವೇವ್ ಇಟ್ಟರೆ ಸಾಕು. ಗಂಟೆಗೆ ಹೆಚ್ಚುಕಡಿಮೆ 1 ಜಿಬಿ ಹಿಡಿಯುತ್ತದೆ, 32 ಜಿಬಿ ಕಾರ್ಡಿನಲ್ಲಿ 30 ಗಂಟೆಯ ಹತ್ತಿರ ಕೂರುತ್ತದೆ. 96ಕ್ಕೆ ಏರಿಸಿದರೆ ಜಾಗ ಇಮ್ಮಡಿ, ಕಿವಿಗೆ ಸಿಗುವ ಲಾಭ ಶೂನ್ಯ. ಫೈಲ್ 2 ಜಿಬಿ ಮುಟ್ಟಿದ ಕೂಡಲೇ ಯಂತ್ರ ತಾನಾಗಿ ಹೊಸ ಫೈಲ್ ತೆರೆಯುತ್ತದೆ. 48ರಲ್ಲಿ ಅದು ಎರಡು ಗಂಟೆ ದಾಟಿದ ಮೇಲೆ, 96ರಲ್ಲಿ ಒಂದು ಗಂಟೆ ದಾಟುತ್ತಿದ್ದಂತೆ. ಗೊತ್ತಿಲ್ಲದವರು ಮೊದಲ ಫೈಲನ್ನಷ್ಟೇ ನಕಲು ಮಾಡಿಕೊಂಡು ಕಾರ್ಡ್ ಅಳಿಸಿಬಿಡುವುದುಂಟು. ಎಂಪಿ3ಯಲ್ಲಿ ಮೂಲ ದಾಖಲೆ ಮಾಡಲೇಬೇಡಿ. ಕೇಳುವ ಪ್ರತಿಯನ್ನು ಆಮೇಲೆ ಎಂಪಿ3 ಮಾಡಿಕೊಳ್ಳಬಹುದು, ಎಂಪಿ3ಯಿಂದ ವೇವ್‌ಗೆ ಹಿಂದಿರುಗುವ ದಾರಿಯಿಲ್ಲ.

ಮುಂಭಾಗದಲ್ಲಿ 0ಯಿಂದ 10ರವರೆಗೆ ತಿರುಗುವ ಒಂದು ಡಯಲ್ ಇದೆ, ಧ್ವನಿಮಟ್ಟದ್ದು. ಈ ಯಂತ್ರದ ಅತ್ಯುತ್ತಮ ಭಾಗ ಅದೇ ಎನ್ನಬೇಕು. ಮೆನುವಿನೊಳಗೆ ಹೊಕ್ಕು ಹುಡುಕಬೇಕಿಲ್ಲ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಅದನ್ನು ಎಲ್ಲಿಗೆ ತಿರುಗಿಸಿಡಬೇಕು ಎಂಬಲ್ಲಿ ಪಾಸ್ಟರ್‌ಗೊಂದು ಲೆಕ್ಕ, ಆರ್ಗನಿಸ್ಟ್‌ಗೊಂದು ಲೆಕ್ಕ. ಪಾಸ್ಟರ್‌ಗಳಿಗೆ ಎರಡು ದನಿ ಇರುತ್ತವೆ. ಕುಶಲ ವಿಚಾರಿಸುವಾಗಿನ ದನಿಗೆ ಡಯಲ್ ಹೊಂದಿಸಿಟ್ಟರೆ ಕೆಟ್ಟಿರಿ. ತಮಗೆ ದೇವರ ಸೇವೆಗೆ ಕರೆ ಬಂದ ದಿನದ ಮಾತು ಬಂದಾಗ, ಅಥವಾ ಬಾಯಿಪಾಠವಾದ ಸತ್ಯವೇದದ ವಾಕ್ಯವೊಂದು ನಡುವೆ ನುಸುಳಿದಾಗ, ತಮಗೇ ಅರಿವಿಲ್ಲದೆ ಪ್ರಸಂಗಪೀಠದ ದನಿ ಹೊರಡುತ್ತದೆ, ಮೀಟರ್ ಗಡಿ ಮುಟ್ಟಿ ಶಬ್ದ ಒಡೆಯುತ್ತದೆ. ಆದ್ದರಿಂದ ಶುರುವಿಗೆ ಮುಂಚೆ ಒಂದು ಕೀರ್ತನೆಯನ್ನು ಆರಾಧನೆಯಲ್ಲಿ ಓದುವ ಹಾಗೆಯೇ ಓದಿ ಎಂದು ಕೇಳಿ. ಆ ದನಿಯ ಏರುಗಳು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ (ಶಬ್ದ ಒಡೆಯುವ ಗಡಿ 0) ಹತ್ತಿರ ನಿಲ್ಲುವಂತೆ ಡಯಲ್ ಇಟ್ಟು, ಮತ್ತೆ ಮುಟ್ಟಬೇಡಿ. ಮಾಮೂಲಿ ಮಾತು ಮೈನಸ್ 20ರ ಆಸುಪಾಸಿಗೆ ಇಳಿದರೂ 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ಒಡೆದದ್ದನ್ನು ಮಾತ್ರ ಯಾರೂ ಕೂಡಿಸಲಾರರು.

ಆರ್ಗನಿಸ್ಟ್‌ಗಳಲ್ಲಿ ತಗ್ಗಿದ ದನಿಯವರೇ ಹೆಚ್ಚು. ವಾರವಾರವೂ ಸಭೆಗೆ ಬೆನ್ನು ಹಾಕಿ ಕೂತು, ಮಾತಿಲ್ಲದೆ ಕೆಲಸ ಮಾಡಿದವರು. ಅವರಿಗೆ ಡಯಲ್ ಏರಿಸುವ ಬದಲು ಯಂತ್ರವನ್ನೇ ಹತ್ತಿರ ತನ್ನಿ. ಡಯಲ್ ಏರಿಸಿದಷ್ಟೂ ಈ ಯಂತ್ರದ ಒಳಗಿನ ಸಣ್ಣ ಹಿಸ್ ಸದ್ದೂ ಏರುತ್ತದೆ. ಹತ್ತಿರದ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ, ದೂರದ ಮೆಲುದನಿಯಲ್ಲಿ ಬಯಲಾಗುತ್ತದೆ.

ಮೇಲಿನ ನಾಲ್ಕು ಗುಂಡಿಗಳಲ್ಲಿ ಒಂದು ಆಟೋ ಲೆವೆಲ್, ಧ್ವನಿಮಟ್ಟವನ್ನು ತಾನಾಗಿ ಏರಿಸಿ ಇಳಿಸುವುದು. ಅದು ಎರಡೂ ಕೆಲಸಕ್ಕೆ ಆಗದು. ಮಾತಾಡುವವರು ಯೋಚಿಸಲು ಸುಮ್ಮನಾದರೆ ಅದು ಕೋಣೆಯ ಫ್ಯಾನ್ ಸದ್ದನ್ನು ಎತ್ತಿ ತರುತ್ತದೆ, ಮತ್ತೆ ಮಾತು ಶುರುವಾದರೆ ಮೊದಲ ಪದವನ್ನು ನುಂಗುತ್ತದೆ. ನಂಬಿಕೆಯ ವಿಚಾರ ಮಾತಾಡುವಾಗ ಮೌನಗಳು ಉದ್ದ, ಅವೂ ದಾಖಲೆಯ ಭಾಗವೇ. ದಿಢೀರನೆ ಬರುವ ಜೋರನ್ನು ಅದುಮುವ ಲಿಮಿಟರ್ ಮಾತಿಗೆ ಇರಲಿ, ಆರ್ಗನ್ನಿಗೆ ಬೇಡ. ಕೆಳಸ್ವರಗಳನ್ನು ಕತ್ತರಿಸುವ ಲೋ ಕಟ್ ಮಾತಿಗೆ 80 ಹರ್ಟ್ಸ್‌ನಲ್ಲಿರಲಿ, ಆರ್ಗನ್ನಿಗೆ ಪೂರಾ ಆಫ್. ಮಾತು ಮುಗಿಸಿ ಆರ್ಗನ್ ಬಳಿಗೆ ಹೋಗುವಾಗ ಈ ಗುಂಡಿ ಮರೆತುಹೋಗಿ, ಪೆಡಲ್ ಸ್ವರಗಳಿಲ್ಲದ, ಅಂದರೆ ಕಾಲಿನಿಂದ ನುಡಿಸುವ ಕೆಳಸ್ವರಗಳಿಲ್ಲದ ಆರ್ಗನ್ ಮನೆಗೆ ಬರುವುದು ತೀರಾ ಸಾಮಾನ್ಯ. ರೆಕಾರ್ಡಿಂಗ್ ಶುರುವಾದ ಮೇಲೆ ಪವರ್ ಗುಂಡಿಯನ್ನು ಹೋಲ್ಡ್ ಕಡೆಗೆ ಸರಿಸಿಡಿ. ಕೈ ತಾಗಿ ನಿಂತುಹೋಗುವ ಭಯವಿರದು.

ಇನ್ನು ಜಾಗ. ಆರಾಧನಾಲಯದ ನಡುವೆಯೇ ಕೂತು ಮಾತಾಡಿದರೆ ವಾತಾವರಣ ಬರುತ್ತದೆ ಎಂದು ಹಲವರ ನಂಬಿಕೆ. ಬರುವುದು ಮಾರ್ದನಿ. ಎತ್ತರದ ಛಾವಣಿ, ಕಲ್ಲು ನೆಲ, ಖಾಲಿ ಬೆಂಚುಗಳ ನಡುವೆ ಒಂದು ವಾಕ್ಯದ ಬಾಲ ಮುಂದಿನ ವಾಕ್ಯದ ತಲೆಯ ಮೇಲೆ ಬೀಳುತ್ತದೆ. ಸ್ಥಳದಲ್ಲಿ ಕೇಳುವಾಗ ಮಿದುಳು ಅದನ್ನು ಸೋಸಿಕೊಳ್ಳುತ್ತದೆ, ಸ್ಪೀಕರಿನಲ್ಲಿ ಕೇಳುವಾಗ ಸೋಸುವುದಿಲ್ಲ. ಪಾಸ್ಟರ್‌ನ ಓದುಕೋಣೆಯೋ, ನಿಲುವಂಗಿಗಳು ತೂಗುಹಾಕಿರುವ ಪಕ್ಕದ ಕೋಣೆಯೋ ಎಷ್ಟೋ ವಾಸಿ. ಪುಸ್ತಕ ತುಂಬಿದ ಕಪಾಟು, ಬಟ್ಟೆ, ಪರದೆ ಎಲ್ಲವೂ ಸದ್ದನ್ನು ಹೀರುತ್ತವೆ. ಪರೀಕ್ಷೆ ಸುಲಭ: ಕೂರುವ ಜಾಗದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ಣನೆ ಏನಾದರೂ ಹಿಂದಿರುಗಿ ಬಂದರೆ ಜಾಗ ಬದಲಿಸಿ. ಗೋಡೆ ಗಡಿಯಾರ, ಫ್ರಿಜ್, ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ಇವನ್ನು ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಆಲಿಸಿಯೇ ಪತ್ತೆ ಹಚ್ಚಬೇಕು, ಬರಿಗಿವಿಗೆ ಸಿಗುವುದಿಲ್ಲ.

ಯಂತ್ರವನ್ನು ನೇರ ಮೇಜಿನ ಮೇಲೆ ಮಲಗಿಸುವುದು ಎಲ್ಲರೂ ಮಾಡುವ ಎಡವಟ್ಟು. ಕಪ್ ಇಟ್ಟರೆ, ಬೆರಳು ಬಡಿದರೆ, ಸತ್ಯವೇದದ ಹಾಳೆ ತಿರುವಿದರೆ ಎಲ್ಲವೂ ಮೇಜಿನ ಮೂಲಕ ಪ್ಲಾಸ್ಟಿಕ್ ಮೈಗೆ ಹತ್ತಿ ಗುಡುಗಿನಂತೆ ದಾಖಲಾಗುತ್ತದೆ. ಜೊತೆಗೆ ಬಾಯಿಂದ ನೇರ ಬಂದ ದನಿ, ಮೇಜಿಗೆ ತಾಗಿ ಬಂದ ದನಿ ಎರಡೂ ಬೆರೆತು ಡಬ್ಬಿಯೊಳಗಿಂದ ಮಾತಾಡಿದ ಹಾಗಾಗುತ್ತದೆ. ಬೆನ್ನಲ್ಲಿರುವ ಕಾಲಿಂಚಿನ ತಿರುಪು ಕ್ಯಾಮೆರಾ ಟ್ರೈಪಾಡಿಗೆ ಸರಿಹೊಂದುತ್ತದೆ. ಮೈಕ್ ಸ್ಟ್ಯಾಂಡಿಗೆ ಹಾಕುವುದಾದರೆ ಅಡಾಪ್ಟರ್ ಬೇಕು, ಅವುಗಳ ತಿರುಪು ದಪ್ಪ. ಮೈಕ್ ಬಾಯಿಂದ 20ರಿಂದ 30 ಸೆಂಟಿಮೀಟರ್ ದೂರ, ಗದ್ದಕ್ಕಿಂತ ಸ್ವಲ್ಪ ಕೆಳಗೆ, ಕೊಂಚ ಓರೆಯಾಗಿರಲಿ. ಕೇಳುವವರ ಪ್ರಶ್ನೆ ಸ್ವಲ್ಪ ಮೆಲ್ಲಗೆ ದಾಖಲಾದರೂ ಚಿಂತೆಯಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸುವ ದಿನ ಎದುರುಬದುರು ಕೂರಿಸಬೇಡಿ. ಎಕ್ಸ್-ವೈ ಮೈಕ್ ಮುಂದಿನದನ್ನು ಹಿಡಿಯುವಷ್ಟು ಹಿಂದಿನದನ್ನು ಹಿಡಿಯದು. ಯಂತ್ರದ ಮುಂದೆ, ಎಡಕ್ಕೊಬ್ಬರು ಬಲಕ್ಕೊಬ್ಬರು, ಅರ್ಧ ಮೀಟರ್ ದೂರದಲ್ಲಿ ಕೂತರೆ ಒಬ್ಬೊಬ್ಬರ ದನಿ ಒಂದೊಂದು ಚಾನೆಲ್ ಕಡೆಗೆ ವಾಲುತ್ತದೆ, ಬರೆದುಕೊಳ್ಳುವವರಿಗೆ ಯಾರು ಮಾತಾಡಿದರೆಂಬ ಗೊಂದಲ ಇರದು. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕ್ ಬಳಸುವವರು ಎರಡು ವಿಷಯ ನೋಡಿಕೊಳ್ಳಿ. ಫೋನಿಗಾಗಿ ಮಾಡಿದ, ಪಿನ್ನಿನಲ್ಲಿ ಮೂರು ಗೆರೆ ಇರುವ ಮೈಕ್ ಅಡಾಪ್ಟರ್ ಇಲ್ಲದೆ ಇಲ್ಲಿ ಸರಿಯಾಗಿ ಕೆಲಸ ಮಾಡದು. ಎರಡನೆಯದಾಗಿ, ಹೆಡ್‌ಫೋನ್ ಹಂಚಿಕೊಳ್ಳುವ ಸಾದಾ ಸ್ಪ್ಲಿಟರ್‌ಗೆ ಎರಡು ಮೈಕ್ ಸಿಕ್ಕಿಸಿದರೆ ಇಬ್ಬರ ದನಿಯೂ ಬೆರೆತು ಬರುತ್ತದೆ. ಒಂದು ಮೈಕನ್ನು ಎಡ ಚಾನೆಲ್‌ಗೆ, ಇನ್ನೊಂದನ್ನು ಬಲಕ್ಕೆ ಕಳಿಸುವ ಬೇರೆ ಬಗೆಯ ಸ್ಪ್ಲಿಟರ್ ಕೇಳಿ ತರಬೇಕು.

ಒಟ್ಟಿಗೆ ಕೂರಿಸುವುದು ಕೊನೆಗೆ, ಬೇರೆಬೇರೆಯಾಗಿ ಇಬ್ಬರೊಡನೆಯೂ ಮಾತು ಮುಗಿದ ಮೇಲೆ. ಮೊದಲ ದಿನವೇ ಜೊತೆಗೆ ಕೂರಿಸಿದರೆ ಪಾಸ್ಟರ್ ಮಾತಾಡುತ್ತಾರೆ, ಆರ್ಗನಿಸ್ಟ್ ತಲೆಯಾಡಿಸುತ್ತಾರೆ. ತಲೆಯಾಡಿಸಿದ್ದನ್ನು ಯಾವ ಮೈಕೂ ಹಿಡಿಯದು. ಒಮ್ಮೆಗೆ 60ರಿಂದ 75 ನಿಮಿಷ ಮಿತಿ. ಅದರಾಚೆ ವಯಸ್ಸಾದವರ ದನಿಯೂ ದಣಿಯುತ್ತದೆ, ಕೇಳುವವರ ಗಮನವೂ. ಅದಕ್ಕೂ ಮುಂಚೆ ಯಂತ್ರವಿಲ್ಲದೆ ಅರ್ಧ ಗಂಟೆ ಕೂತು ಇಸವಿ, ಊರು, ಸೇವೆ ಮಾಡಿದ ಸಭೆಗಳು, ಕಲಿಸಿದವರ ಹೆಸರು ಇಷ್ಟನ್ನೂ ಕಾಗದದಲ್ಲಿ ಬರೆದುಕೊಂಡಿರಬೇಕು. ಇಲ್ಲದಿದ್ದರೆ ರೆಕಾರ್ಡಿಂಗ್‌ನ ಮೊದಲ ಅರ್ಧ ಗಂಟೆ ಇಸವಿ ನೆನಪಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ಪ್ರಶ್ನೆಗಳ ವಿಚಾರದಲ್ಲಿ ಪಾಸ್ಟರ್ ಕಷ್ಟದ ಗಿರಾಕಿ. ಅವರಿಗೆ ಮಾತು ಬರುವುದಿಲ್ಲವೆಂದಲ್ಲ, ಚೆನ್ನಾಗಿ ಬರುವುದೇ ತೊಂದರೆ. ತಮ್ಮ ಸಾಕ್ಷಿಯನ್ನು, ಅಂದರೆ ನಂಬಿಕೆಗೆ ಬಂದ ಕಥೆಯನ್ನು, ಪ್ರಸಂಗಪೀಠದಿಂದ ಎಷ್ಟೋ ಸಲ ಹೇಳಿದ್ದಾರೆ. ಅದಕ್ಕೆ ಆದಿ, ಮಧ್ಯ, ಅಂತ್ಯ, ಮೂರು ಅಂಶ, ಒಂದು ವಾಕ್ಯ ಎಲ್ಲವೂ ಸಿದ್ಧವಾಗಿವೆ. 'ನಿಮಗೆ ಕರೆ ಬಂದದ್ದು ಹೇಗೆ?' ಎಂದು ಕೇಳಿದರೆ ಆ ಸಿದ್ಧ ಪ್ರಸಂಗವೇ ಬರುತ್ತದೆ. ಅದನ್ನು ಒಮ್ಮೆ ಪೂರ್ತಿ ಹೇಳಲು ಬಿಡಿ, ದಾಖಲೆಯಲ್ಲಿ ಅದೂ ಬೇಕು. ಆಮೇಲೆ ಸುತ್ತಮುತ್ತಲಿನದನ್ನು ಕೇಳಿ: ಮೊದಲ ಪ್ರಸಂಗಕ್ಕೆ ಆರಿಸಿಕೊಂಡ ವಾಕ್ಯ ಯಾವುದು, ಅದನ್ನೇ ಏಕೆ? ಮೊದಲ ಶವಸಂಸ್ಕಾರದ ಹಿಂದಿನ ರಾತ್ರಿ ಏನು ಓದಿದಿರಿ? ಸತ್ಯವೇದದ ಯಾವ ಹಾಳೆ ಹೆಚ್ಚು ಸವೆದಿದೆ, ತೆರೆದು ತೋರಿಸಿ. ಈಗ ಹೇಳಲು ಹಿಂಜರಿಯುವ, ಆಗ ಧೈರ್ಯವಾಗಿ ಹೇಳುತ್ತಿದ್ದ ಮಾತು ಯಾವುದು? ಈ ಕೊನೆಯ ಪ್ರಶ್ನೆ ಸಂದೇಹದ ಬಾಗಿಲನ್ನು ಮೆತ್ತಗೆ ತಟ್ಟುತ್ತದೆ. 'ನಿಮಗೆ ನಂಬಿಕೆ ಕುಸಿದದ್ದುಂಟೇ?' ಎಂದು ನೇರ ಕೇಳಿದರೆ ಇಲ್ಲ ಎಂಬ ಉತ್ತರವೋ, ಇನ್ನೊಂದು ಪ್ರಸಂಗವೋ ಸಿಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪಾಸ್ಟರ್ ನೆನಪಿನ ತುಂಬ ಬೇರೆಯವರ ಗುಟ್ಟುಗಳಿವೆ. ಮಾತಿನ ಓಘದಲ್ಲಿ ಒಂದು ಕುಟುಂಬದ ಸಂಗತಿ ಹೆಸರು ಸಮೇತ ಹೊರಬಂದುಬಿಡಬಹುದು. ಮೊದಲೇ ಮಾತಾಡಿಕೊಂಡು, ಹಾಗಾದಾಗ ಕೈ ಎತ್ತಿ ಸಮಯ ಗುರುತು ಮಾಡಿಕೊಳ್ಳಿ. ಆ ತುಣುಕನ್ನು ಕೇಳುವ ಪ್ರತಿಯಿಂದ ಮಾತ್ರವಲ್ಲ, ಮೂಲ ಫೈಲಿನಿಂದಲೂ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ. ಮೂಲವನ್ನು ಮುಟ್ಟಬಾರದೆಂಬ ದಾಖಲೆಗಾರರ ನಿಯಮ ಒಳ್ಳೆಯದೇ, ಆದರೆ ಆ ಗುಟ್ಟು ಕೊಡುವ ಹಕ್ಕು ಪಾಸ್ಟರ್‌ಗೂ ಇಲ್ಲ, ಇಟ್ಟುಕೊಳ್ಳುವ ಹಕ್ಕು ನಮಗೂ ಇಲ್ಲ.

ಆರ್ಗನಿಸ್ಟ್ ಇದರ ತದ್ವಿರುದ್ಧ. 'ನಿಮ್ಮ ನಂಬಿಕೆಯ ಬಗ್ಗೆ ಹೇಳಿ' ಎಂದರೆ 'ನಾನು ನುಡಿಸುವವನು ಅಷ್ಟೇ' ಎಂದು ಮುಗಿಸುತ್ತಾರೆ. ಅವರನ್ನು ಕುರ್ಚಿಯಲ್ಲಿ ಅಲ್ಲ, ವಾದ್ಯದ ಬೆಂಚಿನ ಮೇಲೆಯೇ ಕೂರಿಸಿ ಮಾತಾಡಿಸಬೇಕು, ಕೊಳವೆಗಳಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸಿ. ಮುಂದೆ ಹಾಡಿನ ಪುಸ್ತಕ ತೆರೆದಿಟ್ಟರೆ ಅದೇ ಪ್ರಶ್ನೆ ಕೇಳುತ್ತದೆ. ಹಳೆಯ ಆರ್ಗನಿಸ್ಟ್‌ನ ಹಾಡಿನ ಪುಸ್ತಕವನ್ನು ಹತ್ತಿರದಿಂದ ನೋಡಿ: ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸ್ಟಾಪ್‌ಗಳ (ಒಂದೊಂದು ಬಗೆಯ ಕೊಳವೆಸಾಲನ್ನು ತೆರೆಯುವ ಹಿಡಿಗಳ) ಹೆಸರು, ಎರಡು ಸಾಲಿನ ನಡುವೆ ಉಸಿರಿಗೆ ಹಾಕಿದ ಗೀಟು, ಒಂದು ಚರಣದ ಪಕ್ಕ 'ಪೆಡಲ್ ಬೇಡ' ಎಂಬ ಟಿಪ್ಪಣಿ. ಆ ಚರಣಕ್ಕೆ ಪೆಡಲ್ ಯಾಕೆ ಬೇಡ ಎಂದು ಕೇಳಿದರೆ ಸಾಲಿನ ಅರ್ಥ ಹೇಳುತ್ತಾರೆ, ಅರ್ಥದ ಹಿಂದೆಯೇ ತಾವು ಹೇಗೆ ಅಲ್ಲಿಗೆ ಬಂದೆವೆಂಬುದೂ ಹೊರಡುತ್ತದೆ. ಆರ್ಗನಿಸ್ಟ್ ತನ್ನದಲ್ಲದ ಪಂಗಡದ ಸಭೆಯಲ್ಲಿ ವರ್ಷಗಟ್ಟಲೆ ನುಡಿಸಿರುವುದು ಅಪರೂಪವಲ್ಲ, ನಂಬಿಕೆಯೇ ಇಲ್ಲದೆ ಬಂದು ಸೇರಿದವರೂ ಇದ್ದಾರೆ. ಉತ್ತರ ಹೀಗೇ ಇರಬೇಕೆಂದು ಮೊದಲೇ ನಿರ್ಧರಿಸಿ ಪ್ರಶ್ನೆ ಕೇಳಿದರೆ ಅವರು ಸಭ್ಯತೆಗೆ ಅದನ್ನೇ ಹೇಳಿಬಿಡುತ್ತಾರೆ.

ಕೇಳದೆ ಬಿಟ್ಟ ಪ್ರಶ್ನೆ ಏನು ಮಾಡುತ್ತದೆ ಎನ್ನುವುದಕ್ಕೆ ಇದೇ ಜೋಡಿಯ ಪ್ರಸಿದ್ಧ ಉದಾಹರಣೆ ಇದೆ. 1818ರ ಡಿಸೆಂಬರ್ 24ರಂದು ಸಾಲ್ಝ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಸಹಾಯಕ ಪಾದ್ರಿ ಯೋಸೆಫ್ ಮೋರ್ ತಮ್ಮ ಕವಿತೆಯೊಂದನ್ನು ಆರ್ಗನಿಸ್ಟ್ ಫ್ರಾನ್ಜ್ ಕ್ಸೇವರ್ ಗ್ರೂಬರ್ ಕೈಗಿತ್ತರು. ಗ್ರೂಬರ್ ರಾಗ ಕಟ್ಟಿದರು, ಅಂದು ರಾತ್ರಿಯೇ ಗಿಟಾರ್ ಜೊತೆ ಇಬ್ಬರೂ ಹಾಡಿದರು. ಇಂದು ಲೋಕವೆಲ್ಲ ಹಾಡುವ 'ಸೈಲೆಂಟ್ ನೈಟ್' ಅದು. ಹಾಡು ಯಾರದೆಂಬ ವಿಚಾರಣೆ ಬರ್ಲಿನ್ನಿನಿಂದ ಬಂದದ್ದು 1854ರಲ್ಲಿ. ಅಷ್ಟರಲ್ಲಿ ಮೋರ್ ತೀರಿಕೊಂಡು ಆರು ವರ್ಷವಾಗಿತ್ತು. ಉಳಿದದ್ದು ಆರ್ಗನಿಸ್ಟ್‌ನ ಲಿಖಿತ ಹೇಳಿಕೆಯೊಂದೇ. ಕವಿತೆ ಬರೆದದ್ದು 1816ರಲ್ಲೇ ಎಂಬುದು ಅದರಲ್ಲಿ ಇಲ್ಲ. ಮೋರ್ ಕೈಬರಹದ ಪ್ರತಿ 1995ರಲ್ಲಿ ಪತ್ತೆಯಾದ ಮೇಲಷ್ಟೇ ಅದು ತಿಳಿದದ್ದು. ಆರ್ಗನ್ ಇರುವ ಚರ್ಚಿನಲ್ಲಿ ಗಿಟಾರ್ ಯಾಕೆ ಬಂತು ಎಂಬುದನ್ನೂ ಗ್ರೂಬರ್ ವಿವರಿಸಿಲ್ಲ. ಆ ಖಾಲಿ ಜಾಗಕ್ಕೆ ಆಮೇಲೆ ಇಲಿಗಳು ನುಗ್ಗಿದವು: ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತಂತೆ ಎಂಬ ಕಥೆ ಈಗಲೂ ಕ್ರಿಸ್ಮಸ್ ಬಂತೆಂದರೆ ಓಡಾಡುತ್ತದೆ. ಇಬ್ಬರೂ ಬದುಕಿರುವಾಗಲೇ ಇಬ್ಬರನ್ನೂ ಬೇರೆಬೇರೆ ಕೂರಿಸಿ, ಒಂದೇ ಘಟನೆಯನ್ನು ಎರಡೂ ಕಡೆಯಿಂದ ಕೇಳಿ ಎನ್ನುವುದು ಇದಕ್ಕೇ.

ಈಗ ಆರ್ಗನ್. ಯಂತ್ರದ ಮಿತಿ ಕಾಣುವುದು ಇಲ್ಲಿ. ಪೆಡಲಿನ 16 ಅಡಿ (ಅತಿ ಉದ್ದದ ಕೊಳವೆಯ ಸ್ಥೂಲ ಅಳತೆ) ಸ್ಟಾಪ್‌ನ ಅತಿ ಕೆಳಗಿನ ಸ್ವರ ಸುಮಾರು 33 ಹರ್ಟ್ಸ್, 32 ಅಡಿಯದ್ದು 16. ದಿಕ್ಕು ನೋಡಿ ಹಿಡಿಯುವ ಇಂಥ ಪುಟ್ಟ ಮೈಕ್‌ಗಳು ದೂರದಿಂದ ಬರುವ ಆ ಕೆಳಸ್ವರಗಳನ್ನು ಸೊರಗಿಸಿಯೇ ಕೊಡುತ್ತವೆ. ಕಟ್ಟಡದಲ್ಲಿ ಬೆಂಚಿನ ಮೂಲಕ ಮೈಗೆ ಹತ್ತುವ ನಡುಕ ಫೈಲಿನಲ್ಲಿ ಇರುವುದಿಲ್ಲ. ಆದರೆ ಜೋರಿನ ಬಗ್ಗೆ ಭಯ ಬೇಡ. ಮೈಕ್ 120 ಡೆಸಿಬೆಲ್‌ವರೆಗೆ ತಡೆಯುತ್ತದೆ, ಸಭೆ ಕೂರುವ ಜಾಗದಲ್ಲಿ ಆರ್ಗನ್ ಆ ಮಟ್ಟ ಮುಟ್ಟುವುದಿಲ್ಲ. ಆರ್ಗನ್ ರೆಕಾರ್ಡಿಂಗ್ ಒಡೆದಿದ್ದರೆ ತಪ್ಪು ಡಯಲ್‌ನದು, ಮೈಕ್‌ನದಲ್ಲ.

ಹೊಂದಿಸುವ ಕ್ರಮ ಹೀಗೆ. ಎಲ್ಲ ಸ್ಟಾಪ್‌ಗಳನ್ನೂ ಎಳೆದು, ಸ್ವೆಲ್ (ಕೊಳವೆಗಳ ಪೆಟ್ಟಿಗೆಯ ಕದ) ಪೂರ್ತಿ ತೆರೆದು, ಎರಡೂ ಕೈ ಮತ್ತು ಪೆಡಲ್ ಸೇರಿ ಒಂದು ತುಂಬು ಸ್ವರಮೇಳವನ್ನು ಐದು ಸೆಕೆಂಡ್ ಒತ್ತಿ ಹಿಡಿಯಲು ಹೇಳಿ. ಅದು ಮೈನಸ್ 6 ದಾಟದಂತೆ ಡಯಲ್ ಇಡಿ. ಆಮೇಲೆ ಒಂದೇ ಒಂದು 8 ಅಡಿ ಫ್ಲೂಟ್ ನುಡಿಸಿದರೆ ಮೀಟರ್ ಅಲುಗಾಡುವುದೇ ಇಲ್ಲವೆನಿಸಬಹುದು, ಅದು ಸರಿಯೇ. ಆ ಮೆಲುದನಿಯ ಅಡಿಯಲ್ಲಿ ಯಂತ್ರದ ಹಿಸ್ ಕೇಳುವುದು ನಿಜ, ಈ ಬೆಲೆಯ ವರ್ಗದಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಫ್ಲೂಟ್ ಹಾಡಿಗೆ ಒಮ್ಮೆ, ಜೋರಿನ ಹಾಡಿಗೆ ಒಮ್ಮೆ ಎಂದು ಎರಡು ಫೈಲ್ ಮಾಡುವುದು ಒಳ್ಳೆಯ ಉಪಾಯ. ಒಂದೇ ಹಾಡಿನ ನಡುವೆ ಡಯಲ್ ತಿರುಗಿಸುವುದು ಮಾತ್ರ ಬೇಡ.

ಯಂತ್ರ ಎಲ್ಲಿಡಬೇಕು? ನುಡಿಸುವವರ ಪಕ್ಕದಲ್ಲಂತೂ ಅಲ್ಲ. ಅಲ್ಲಿ ಹತ್ತಿರದ ಕೊಳವೆಗಳು ಕಿರುಚುತ್ತವೆ, ದೂರದವು ಪಿಸುಗುಡುತ್ತವೆ, ಕೀಲಿಗಳ ಟಕಟಕ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಆರ್ಗನ್ನಿನ ಮುಖದಿಂದ ಐದಾರು ಮೀಟರ್ ಹಿಂದೆ ಬಂದು, ಸ್ಟ್ಯಾಂಡನ್ನು ಎರಡೂವರೆ ಮೂರು ಮೀಟರ್ ಎತ್ತರಿಸಿ, ಮೈಕ್ ಕೊಳವೆಗಳತ್ತ ನೋಡುವಂತೆ ಇಟ್ಟು ಅರ್ಧ ನಿಮಿಷ ಕೇಳಿ. ಎಲ್ಲ ಕಲಸಿಹೋಗಿದ್ದರೆ ಒಂದು ಮೀಟರ್ ಮುಂದೆ, ತೀರಾ ಒಣಗಿದ್ದರೆ ಒಂದು ಮೀಟರ್ ಹಿಂದೆ. ಇನ್ನೊಂದು ಸಂಗತಿ ಆರ್ಗನಿಸ್ಟ್‌ಗೆ ಗೊತ್ತಿರುತ್ತದೆ, ರೆಕಾರ್ಡ್ ಮಾಡಲು ಬಂದವರಿಗೆ ಗೊತ್ತಿರುವುದಿಲ್ಲ. ಗಾಳಿ ಬಿಸಿಯಾದಂತೆ ಕೊಳಲಿನ ಹಾಗೆ ನುಡಿಯುವ ಫ್ಲೂ ಕೊಳವೆಗಳ ಶ್ರುತಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಏರುತ್ತದೆ, ಒಳಗೆ ಕಂಪಿಸುವ ನಾಲಗೆ ಇರುವ ರೀಡ್ ಕೊಳವೆಗಳು ಅಷ್ಟಾಗಿ ಕದಲುವುದಿಲ್ಲ. ಐದು ಡಿಗ್ರಿ ವ್ಯತ್ಯಾಸವಾದರೆ ರೀಡ್ ಬಗೆಯ ಟ್ರಂಪೆಟ್ ಸ್ಟಾಪ್ ಉಳಿದವುಗಳ ಜೊತೆ ಸೇರದೆ ಹುಳಿಯಾಗಿ ಕೇಳುತ್ತದೆ. ಹಿಂದಿನ ಶ್ರುತಿ ಯಾವ ಹವೆಯಲ್ಲಿ ಮಾಡಿದ್ದೋ ಅದಕ್ಕೆ ಹತ್ತಿರದ ಹೊತ್ತನ್ನು ಆರಿಸಿಕೊಳ್ಳಿ, ಆಗದಿದ್ದರೆ ರೀಡ್ ಬಿಟ್ಟು ನುಡಿಸಲು ಕೇಳಿ.

ಮಾತಾಡುತ್ತ ಮಾತಾಡುತ್ತ ಮೆಲ್ಲಗೆ ನುಡಿಸಲಿ, ಚೆನ್ನಾಗಿರುತ್ತದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ವಾದ್ಯ ಮಾತನ್ನು ನುಂಗುತ್ತದೆ, ಆಮೇಲೆ ಬೇರ್ಪಡಿಸಲು ಬಾರದು. ಮೊದಲು ಹೇಳಲಿ, ಆಮೇಲೆ ನುಡಿಸಲಿ. ನುಡಿಸುವಾಗ ಬೇಕಾದದ್ದು ಕಛೇರಿ ತುಣುಕಲ್ಲ: ಹಾಡಿಗೆ ಮುಂಚಿನ ಪೀಠಿಕೆ, ಚರಣಗಳ ನಡುವೆ ಸಭೆಗೆ ಕೊಡುವ ಉಸಿರು, ಕೊನೆಯ ಚರಣಕ್ಕೆ ಬದಲಾಗುವ ಸ್ವರಮೇಳ. ಸಾಧ್ಯವಾದರೆ ಪಾಸ್ಟರ್ ಅದೇ ಹಾಡಿನ ಒಂದು ಚರಣವನ್ನು ಒಬ್ಬರೇ ಹಾಡಲಿ. ಪಾಸ್ಟರ್ ಎಲ್ಲಿ ತಾಳ ತಪ್ಪುತ್ತಾರೆ, ಆರ್ಗನಿಸ್ಟ್ ಅಲ್ಲಿ ಹೇಗೆ ಕಾಯುತ್ತಾರೆ ಎಂಬುದರಲ್ಲಿ ಇಬ್ಬರ ಒಡನಾಟದ ಇತಿಹಾಸ ಇರುತ್ತದೆ.

ಆಮೇಲಿನ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಫೈಲ್‌ಗಳಿಗೆ ಯಂತ್ರ ಕೊಡುವ ಹೆಸರಿನಿಂದ ಒಳಗೆ ಯಾರ ಮಾತಿದೆ ಎಂದು ತಿಳಿಯದು. ಅದೇ ಸಂಜೆ ದಿನಾಂಕ, ಹೆಸರು, ವಿಷಯ ಸೇರಿಸಿ ಮರುನಾಮಕರಣ ಮಾಡಿ ಎರಡು ಬೇರೆ ಜಾಗಗಳಲ್ಲಿ ನಕಲಿಡಿ, ಆಮೇಲಷ್ಟೇ ಕಾರ್ಡ್ ಅಳಿಸಿ. ಸೆಲ್ ತೆಗೆದು ಬಹಳ ದಿನ ಇಟ್ಟಿದ್ದರೆ ಯಂತ್ರದ ಗಡಿಯಾರ ಮರೆತಿರುತ್ತದೆ, ಪ್ರತಿ ಸಲ ದಿನಾಂಕ ನೋಡಿಕೊಳ್ಳಿ. ಐದೈದು ನಿಮಿಷಕ್ಕೊಂದು ಸಾಲಿನಂತೆ ವಿಷಯಸೂಚಿ ಬರೆದಿಟ್ಟರೆ ಸಾಕು, ಪೂರ್ತಿ ಲಿಪ್ಯಂತರಕ್ಕೆ ಕಾಯುತ್ತ ಕೂತರೆ ಯಾವುದೂ ಆಗದು. ಯಾರು ಕೇಳಬಹುದು, ಎಲ್ಲಿ ಹಾಕಬಹುದು, ಯಾವ ಭಾಗ ತಮ್ಮ ಕಾಲಾನಂತರವೇ ತೆರೆಯಬೇಕು ಎಂಬುದಕ್ಕೆ ಇಬ್ಬರಿಂದಲೂ ಬರೆದ ಒಪ್ಪಿಗೆ ಇರಲಿ.

ಬದಲಿ ಯಾವುದು ಎಂದರೆ, ಫೋನ್ ಅಂತೂ ಆರ್ಗನ್ನಿಗೆ ಬೇಡ. ಮಾತಿಗೆಂದು ಮಾಡಿದ ಗದ್ದಲ ತಗ್ಗಿಸುವ ವ್ಯವಸ್ಥೆ ಉದ್ದಕ್ಕೆ ಒತ್ತಿ ಹಿಡಿದ ಸ್ವರವನ್ನು ಗದ್ದಲವೆಂದೇ ತಿಳಿದು ಅಳಿಸಲು ಹೋಗುತ್ತದೆ. ಟ್ಯಾಸ್ಕ್ಯಾಮ್ ಡಿಆರ್-05ಎಕ್ಸ್‌ನಲ್ಲಿರುವುದು ಎಲ್ಲ ದಿಕ್ಕಿನಿಂದಲೂ ಹಿಡಿಯುವ ಓಮ್ನಿ ಮೈಕ್. ಆ ಬಗೆಯ ಮೈಕಿಗೆ ಕೆಳಸ್ವರ ಚೆನ್ನಾಗಿ ಒಲಿಯುತ್ತದೆ, ಆದ್ದರಿಂದ ಆರ್ಗನ್ ಹೆಚ್ಚು, ಮಾತು ಕಡಿಮೆ ಎನ್ನುವವರು ಅದನ್ನು ನೋಡಬಹುದು. ಮಾರ್ದನಿಯ ಕೋಣೆಯಲ್ಲಿ ಮಾತಿಗೆ ಎಚ್1ಎನ್ನೇ ಮೇಲು. 2024ರಲ್ಲಿ ಬಂದ ಝೂಮ್ ಎಚ್1ಎಸೆನ್ಶಿಯಲ್ 32 ಬಿಟ್ ಫ್ಲೋಟ್‌ನಲ್ಲಿ ಬರೆಯುತ್ತದೆ, ಧ್ವನಿಮಟ್ಟ ಹೊಂದಿಸುವ ತಂಟೆಯೇ ಇಲ್ಲ. ಪ್ರಸಂಗದ ದನಿಗೆ ಹಾರುವ ಪಾಸ್ಟರ್, ಫ್ಲೂಟಿನಿಂದ ತುಂಬು ಆರ್ಗನ್ನಿಗೆ ಜಿಗಿಯುವ ಆರ್ಗನಿಸ್ಟ್ ಇಬ್ಬರಿಗೂ ಅದು ಹೇಳಿಮಾಡಿಸಿದ್ದು. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳುವುದು ಜಾಣತನ. ಮೇಜಿನ ಸದ್ದು, ಮಾರ್ದನಿ, ಬ್ಲೋವರ್ ಗುಂಯ್ ಇವುಗಳಿಂದ ಅದೂ ಕಾಪಾಡದು.

ಎಚ್1ಎನ್ ಈಗ ಬಳಸಿದ ಮಾಲಾಗಿಯೂ ಸಿಗುತ್ತದೆ. ಕೊಳ್ಳುವ ಮುನ್ನ ಹೆಡ್‌ಫೋನ್ ಸಿಕ್ಕಿಸಿ, ರೆಕಾರ್ಡಿಂಗ್ ನಡೆಯುತ್ತಿರುವಾಗ ಡಯಲನ್ನು 0ಯಿಂದ 10ಕ್ಕೆ ನಿಧಾನವಾಗಿ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಕೇಳಿ. ಎಡ, ಬಲ ಎರಡೂ ಮೈಕ್ ಮುಂದೆ ಬೆರಳು ಉಜ್ಜಿ ಮಟ್ಟ ಸಮವಾಗಿದೆಯೇ ನೋಡಿ. ಮೈಕ್ರೋ ಯುಎಸ್‌ಬಿ ಬಾಯಿ ಸಡಿಲವಾಗಿದ್ದರೆ ದೊಡ್ಡ ನಷ್ಟವಿಲ್ಲ, ಕಾರ್ಡ್ ತೆಗೆದು ನಕಲು ಮಾಡಿಕೊಳ್ಳಬಹುದು. ಸೆಲ್ ಗೂಡಿನ ಮುಚ್ಚಳದ ಕೊಕ್ಕೆ ಮುರಿದಿದ್ದರೆ ಮಾತ್ರ ಬಿಟ್ಟುಬಿಡಿ. ಸೆಲ್ ಕದಲಿ ನಡುವೆ ಆರಿಹೋದರೆ ಆ ಫೈಲ್ ಪೂರ್ತಿ ಉಳಿಯುತ್ತದೆಂಬ ಭರವಸೆ ಇಲ್ಲ.